ಮುಟ್ಟು ಏರುಪೇರು, ಗರ್ಭ ನಿಲ್ಲುತ್ತಿಲ್ಲ: ಥೈರಾಯ್ಡ್ ವರದಿಯನ್ನು ಓದುವುದು ಹೇಗೆ?

ಮುಟ್ಟು ನಲವತ್ತು, ಐವತ್ತು ದಿನಕ್ಕೊಮ್ಮೆ ಬರುತ್ತಿದೆ, ಮದುವೆಯಾಗಿ ಒಂದೂವರೆ ವರ್ಷವಾದರೂ ಗರ್ಭ ನಿಂತಿಲ್ಲ ಎಂದು ಹೋದವರಿಗೆ ವೈದ್ಯರು ಮೊದಲ ದಿನವೇ ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ತಿಳಿಸುವ ಟಿಎಸ್‌ಎಚ್ ಇದ್ದೇ ಇರುತ್ತದೆ. ವರದಿ ಕೈಗೆ ಬಂದ ಮೇಲೆ ಎರಡು ಬಗೆಯ ತಪ್ಪುಗಳಾಗುತ್ತವೆ. ಕೆಲವರು ‘ಸ್ವಲ್ಪ ಹೆಚ್ಚಿದೆ ಅಷ್ಟೆ’ ಎಂದು ಮಡಚಿ ಇಟ್ಟುಬಿಡುತ್ತಾರೆ. ಇನ್ನು ಕೆಲವರು 3.1 ಎಂಬ ಅಂಕಿ ಕಂಡ ಕೂಡಲೇ ಎಲ್ಲಕ್ಕೂ ಥೈರಾಯ್ಡೇ ಕಾರಣ ಎಂದು ನಂಬಿ, ಮಾತ್ರೆ ನುಂಗುತ್ತಾ ವರ್ಷ ಕಳೆಯುತ್ತಾರೆ. ಆ ವರ್ಷದಲ್ಲಿ ಗಂಡನ ವೀರ್ಯ ಪರೀಕ್ಷೆಯೂ ಆಗಿರುವುದಿಲ್ಲ, ಗರ್ಭನಾಳಗಳ ಪರೀಕ್ಷೆಯೂ ಆಗಿರುವುದಿಲ್ಲ. ಮೂವತ್ತೈದರ ಆಸುಪಾಸಿನಲ್ಲಿರುವವರಿಗೆ ಈ ಎರಡನೆಯ ತಪ್ಪೇ ಹೆಚ್ಚು ದುಬಾರಿ.

ಥೈರಾಯ್ಡ್ ಅಳೆಯಲು ಸುಲಭ, ಸರಿಪಡಿಸಲೂ ಸುಲಭ. ಆದರೆ ಆ ಅಂಕಿಯನ್ನು ಸರಿಯಾದ ಹೊತ್ತಿನಲ್ಲಿ ಅಳೆದಿರಬೇಕು, ಜೊತೆಗಿನ ಅಂಕಿಗಳೊಂದಿಗೆ ಇಟ್ಟು ಓದಬೇಕು.

ಕತ್ತಿನ ಗ್ರಂಥಿಗೂ ಮುಟ್ಟಿಗೂ ಏನು ನಂಟು?

‘ನನಗೆ ಥೈರಾಯ್ಡ್ ಇದೆ’ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಥೈರಾಯ್ಡ್ ಎಲ್ಲರಿಗೂ ಇದೆ. ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಅಂಟಿಕೊಂಡಿರುವ ಗ್ರಂಥಿ ಅದು. ಅದರ ಕೆಲಸ ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ ಎಂಬುದು ಮುಖ್ಯ, ಏಕೆಂದರೆ ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ. ಗ್ರಂಥಿ ತಯಾರಿಸುವುದು ಟಿ4 ಮತ್ತು ಟಿ3 ಎಂಬ ಹಾರ್ಮೋನುಗಳನ್ನು. ಟಿಎಸ್‌ಎಚ್ ಅಲ್ಲಿ ತಯಾರಾಗುವುದಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಕಳಿಸುವ ಆಜ್ಞೆ ಅದು. ಥೈರಾಯ್ಡ್ ಸೋತಷ್ಟೂ ಪಿಟ್ಯುಟರಿ ಜೋರಾಗಿ ಕೂಗುತ್ತದೆ. ಆದ್ದರಿಂದ ಟಿಎಸ್‌ಎಚ್ ಏರಿದೆ ಎಂದರೆ ಹಾರ್ಮೋನು ಸಾಲುತ್ತಿಲ್ಲ ಎಂದರ್ಥ. ಟಿಎಸ್‌ಎಚ್ ಕುಸಿದಿದ್ದರೆ ಸಾಮಾನ್ಯವಾಗಿ ಹಾರ್ಮೋನು ಅತಿಯಾಗಿದೆ ಎಂದರ್ಥ. ಟಿ4 ತುಸುವೇ ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಹಾಗಾಗಿಯೇ ತೊಂದರೆಯನ್ನು ಮೊದಲು ಹಿಡಿದುಕೊಡುವುದು ಟಿಎಸ್‌ಎಚ್.

ಹಾರ್ಮೋನು ಕಡಿಮೆಯಾದಾಗ ಮೆದುಳಿನ ಹೈಪೋಥಲಾಮಸ್ ಭಾಗವು ಟಿಆರ್‌ಎಚ್ ಎಂಬ ಸಂದೇಶವನ್ನು ಹೆಚ್ಚು ಕಳಿಸುತ್ತದೆ. ಆ ಸಂದೇಶ ಟಿಎಸ್‌ಎಚ್ ಜೊತೆಗೆ ಪ್ರೊಲ್ಯಾಕ್ಟಿನ್ ಅನ್ನೂ ಏರಿಸುತ್ತದೆ. ಹಾಲೂಡಿಸುವ ತಾಯಿಗೆ ಕೆಲವು ತಿಂಗಳು ಮುಟ್ಟು ಬಾರದಂತೆ ತಡೆಯುವ ಹಾರ್ಮೋನು ಇದೇ. ಇದು ಏರಿದರೆ ಅಂಡಾಶಯಕ್ಕೆ ಹೋಗಬೇಕಾದ ಆಜ್ಞೆಗಳ ತಾಳ ತಪ್ಪುತ್ತದೆ. ಅಂಡ ಪಕ್ವವಾಗುವುದು ತಡವಾಗುತ್ತದೆ, ಇಲ್ಲವೇ ಬಿಡುಗಡೆಯೇ ಆಗುವುದಿಲ್ಲ. ಮಗುವಿಲ್ಲದಿದ್ದರೂ ಮೊಲೆತೊಟ್ಟಿನಿಂದ ಹಾಲಿನಂಥ ದ್ರವ ಜಿನುಗುವುದು ಇದರ ಗುರುತು. ಹೇಳಿಕೊಳ್ಳಲು ಅನೇಕರು ಸಂಕೋಚಪಡುತ್ತಾರೆ, ವೈದ್ಯರಿಗೆ ತಪ್ಪದೆ ಹೇಳಬೇಕಾದ ಸಂಗತಿ ಇದು.

ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರೋನ್ ತಯಾರಾಗುವುದಿಲ್ಲ. ಈಸ್ಟ್ರೋಜನ್ ಒಂದೇ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ, ಅದು ಒಂದು ದಿನ ತಾನಾಗಿ ಕಳಚತೊಡಗುತ್ತದೆ. ಐವತ್ತು ದಿನ ಬಾರದ ಮುಟ್ಟು ಬಂದಾಗ ಹತ್ತು ದಿನ ನಿಲ್ಲದೆ, ಗಡ್ಡೆಗಡ್ಡೆಯಾಗಿ ಹೋಗುವುದು ಹೀಗೆ. ಥೈರಾಯ್ಡ್ ತೀರಾ ಕಡಿಮೆಯಿದ್ದಾಗ ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ತಗ್ಗುತ್ತವೆ, ಸ್ರಾವ ಇನ್ನಷ್ಟು ಜೋರಾಗುತ್ತದೆ.

ಇಲ್ಲೊಂದು ಸುಳಿ ಇದೆ. ಹೆಚ್ಚು ಸ್ರಾವವಾದರೆ ಕಬ್ಬಿಣದಂಶ ಇಳಿಯುತ್ತದೆ. ಥೈರಾಯ್ಡ್ ಹಾರ್ಮೋನು ತಯಾರಿಸುವ ಟಿಪಿಒ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು, ಅದಿಲ್ಲದೆ ಗ್ರಂಥಿ ಇನ್ನಷ್ಟು ಸೊರಗುತ್ತದೆ. ಸರಿ ಎಂದು ಕಬ್ಬಿಣದ ಮಾತ್ರೆ ಶುರುಮಾಡಿ ಅದನ್ನು ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿದರೆ, ಕಬ್ಬಿಣವು ಹೊಟ್ಟೆಯಲ್ಲಿ ಆ ಮಾತ್ರೆಗೆ ಅಂಟಿಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಮೂರು ತಿಂಗಳಾದರೂ ಟಿಎಸ್‌ಎಚ್ ಇಳಿಯಲಿಲ್ಲ, ಡೋಸ್ ಹೆಚ್ಚಿಸಿ ಎಂದು ಬರುವವರಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ. ಎರಡರ ನಡುವೆ ನಾಲ್ಕು ಗಂಟೆಯ ಅಂತರವಿಟ್ಟರೆ ಸುಳಿ ಬಿಚ್ಚಿಕೊಳ್ಳುತ್ತದೆ. ಸ್ರಾವ ಹೆಚ್ಚಿರುವವರಿಗೆ ಟಿಎಸ್‌ಎಚ್ ಜೊತೆ ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡದೆ ಬಿಡಬಾರದು.

ಹಾರ್ಮೋನು ಅತಿಯಾದಾಗ ಚಿತ್ರ ಬೇರೆ. ಮುಟ್ಟು ಎರಡೇ ದಿನದಲ್ಲಿ ಮುಗಿಯುತ್ತದೆ, ಕಲೆಯಷ್ಟೇ ಆಗುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರುವುದಿಲ್ಲ. ಜೊತೆಗೆ ಎದೆ ಡವಡವ, ಕೈ ನಡುಕ, ಸೆಕೆ, ಚೆನ್ನಾಗಿ ಉಂಡರೂ ತೂಕ ಇಳಿಯುವುದು.

ವರದಿ ಕೈಯಲ್ಲಿದೆ, ಈಗ?

29 ವರ್ಷದ, 58 ಕಿಲೋ ತೂಕದ ಮಹಿಳೆಯ ವರದಿಯಲ್ಲಿ ಟಿಎಸ್‌ಎಚ್ 6.8 ಇದೆ, ಫ್ರೀ ಟಿ4 (ಪ್ರೋಟೀನಿಗೆ ಅಂಟದೆ ರಕ್ತದಲ್ಲಿ ಬಿಡಿಯಾಗಿರುವ ಟಿ4) ಮಿತಿಯೊಳಗಿದೆ ಎಂದಿಟ್ಟುಕೊಳ್ಳಿ. ಗ್ರಂಥಿ ಕಷ್ಟಪಡುತ್ತಿದೆ, ಆದರೂ ಹಾರ್ಮೋನನ್ನು ಹೇಗೋ ಪೂರೈಸುತ್ತಿದೆ. ವೈದ್ಯರು ಇದನ್ನು ಸಬ್‌ಕ್ಲಿನಿಕಲ್ ಎನ್ನುತ್ತಾರೆ. ಅದೇ ಮಹಿಳೆಗೆ ಟಿಎಸ್‌ಎಚ್ 48, ಫ್ರೀ ಟಿ4 ಮಿತಿಗಿಂತ ಕೆಳಗೆ ಎಂದಿದ್ದರೆ ಅದು ಪೂರ್ಣ ಪ್ರಮಾಣದ ಹೈಪೋಥೈರಾಯ್ಡ್. ಎರಡನೆಯದರಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಚಿಕಿತ್ಸೆ ಅವತ್ತೇ ಶುರುವಾಗಬೇಕು. ಥೈರಾಯ್ಡ್ ಮಾತ್ರೆಯಾದ ಲಿವೋಥೈರಾಕ್ಸಿನ್‌ನ ಲೆಕ್ಕ ದಿನಕ್ಕೆ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ. 58 ಕಿಲೋಗೆ 93 ಬರುತ್ತದೆ, ಆದ್ದರಿಂದ 88 ಅಥವಾ 100 ಮೈಕ್ರೋಗ್ರಾಮಿನ ಮಾತ್ರೆ. ಮೊದಲನೆಯದರಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಂಡು, ಗರ್ಭಕ್ಕೆ ಪ್ರಯತ್ನಿಸುತ್ತಿರುವವರಿಗೆ 25ರಿಂದ 50 ಮೈಕ್ರೋಗ್ರಾಂ ಕೊಡುವುದು ರೂಢಿ. ಐವಿಎಫ್‌ಗೆ (ಅಂಡ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸುವ ಚಿಕಿತ್ಸೆ) ಹೋಗುವವರಿಗಂತೂ ಟಿಎಸ್‌ಎಚ್ ಅನ್ನು 2.5ಕ್ಕಿಂತ ಕೆಳಗೆ ತಂದುಕೊಂಡೇ ಮುಂದುವರಿಯುತ್ತಾರೆ.

ಗೊಂದಲವಿರುವುದು 2.5ರಿಂದ 4ರ ನಡುವಿನ ಅಂಕಿಗಳಲ್ಲಿ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2011ರಲ್ಲಿ ಗರ್ಭಿಣಿಯರಿಗೆ ಮೊದಲ ಮೂರು ತಿಂಗಳಲ್ಲಿ 2.5 ಎಂಬ ಗಡಿ ಹಾಕಿತ್ತು. 2017ರಲ್ಲಿ ಅದನ್ನು ಸಡಿಲಿಸಿ, ಆಯಾ ಪ್ರದೇಶದ ಅಳತೆ ಲಭ್ಯವಿಲ್ಲದ ಕಡೆ ಸುಮಾರು 4.0 ಎಂದಿತು. ಹಳೆಯ ಗಡಿ ಮಾತ್ರ ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಪ್ರತಿಕಾಯವಿಲ್ಲದ, ಐವಿಎಫ್ ಮಾಡಿಸದ ಮಹಿಳೆಗೆ 3.1 ಎಂಬ ಅಂಕಿಯೊಂದೇ ಗರ್ಭ ನಿಲ್ಲದಿರುವುದಕ್ಕೆ ಕಾರಣ ಎನ್ನಲು ಆಧಾರವಿಲ್ಲ. ಕಾರಣವನ್ನು ಬೇರೆಡೆ ಹುಡುಕಬೇಕು.

ಪ್ರತಿಕಾಯ ಎಂದರೆ ಆಂಟಿ ಟಿಪಿಒ. ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ಎರಗುವ ಹಶಿಮೋಟೋ ಕಾಯಿಲೆಯ ಗುರುತು ಇದು. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೋಟೋ ಅದನ್ನು ಮೊದಲು ವಿವರಿಸಿದರು. ಈ ಪ್ರತಿಕಾಯ ಇರುವವರಲ್ಲಿ ಗರ್ಭಪಾತ ಹೆಚ್ಚು ಎಂಬುದು ನಿಜ. ಹಾಗಾದರೆ ಟಿಎಸ್‌ಎಚ್ ಸರಿಯಿದ್ದರೂ ಮಾತ್ರೆ ಕೊಟ್ಟರೆ ಒಳಿತಾಗಬಹುದೇ? ಬ್ರಿಟನ್ನಿನ 49 ಆಸ್ಪತ್ರೆಗಳಲ್ಲಿ, ಗರ್ಭಪಾತವಾಗಿದ್ದ ಅಥವಾ ಗರ್ಭ ನಿಲ್ಲದ 952 ಮಹಿಳೆಯರ ಮೇಲೆ ಇದನ್ನೇ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 50 ಮೈಕ್ರೋಗ್ರಾಂ ತೆಗೆದುಕೊಂಡವರಲ್ಲಿ 37.4 ಶೇಕಡಾ, ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 37.9 ಶೇಕಡಾ ಮಂದಿಗೆ ಜೀವಂತ ಮಗು ಹುಟ್ಟಿತು. ವ್ಯತ್ಯಾಸವೇ ಇಲ್ಲ. ಆದ್ದರಿಂದ ಆಂಟಿ ಟಿಪಿಒ ಪಾಸಿಟಿವ್, ಟಿಎಸ್‌ಎಚ್ 1.8 ಎಂದಿದ್ದರೆ ಮಾತ್ರೆ ಬೇಡ, ನಿಗಾ ಬೇಕು. ಗರ್ಭ ನಿಂತ ಮೇಲೆ ಇಂಥವರ ಗ್ರಂಥಿ ಹೆಚ್ಚಿನ ಬೇಡಿಕೆ ತಾಳಲಾರದೆ ಸೋಲಬಹುದು. ಪ್ರತಿಕಾಯ ಕಡಿಮೆ ಮಾಡುತ್ತದೆ ಎಂದು ಮಾರುವ ಸೆಲೆನಿಯಂ ಗುಳಿಗೆಗಳಿಗೆ ದುಡ್ಡು ಸುರಿಯಬೇಕಿಲ್ಲ.

ಅಂಕಿಯೇ ಸುಳ್ಳು ಹೇಳುವ ಸಂದರ್ಭಗಳು

ಥೈರಾಯ್ಡ್ ಕಡಿಮೆಯಾದವರಿಗೆ ಕೂದಲು ಉದುರುತ್ತದೆ. ಕೂದಲು ಉದುರುವವರು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಂಥ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಬಯೋಟಿನ್ ಇರುತ್ತದೆ, ದೇಹಕ್ಕೆ ದಿನಕ್ಕೆ ಬೇಕಾದ್ದಕ್ಕಿಂತ ನೂರಾರು ಪಟ್ಟು ಹೆಚ್ಚು. ಹಲವು ಲ್ಯಾಬ್ ಯಂತ್ರಗಳು ಹಾರ್ಮೋನು ಅಳೆಯುವುದೂ ಬಯೋಟಿನ್ ಆಧಾರದ ಮೇಲೆಯೇ. ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಇಲ್ಲದಷ್ಟು ಕಡಿಮೆಯಾಗಿಯೂ ಟಿ4 ಇಲ್ಲದಷ್ಟು ಹೆಚ್ಚಾಗಿಯೂ ಕಾಣುತ್ತದೆ. ನಿಜಕ್ಕೂ ಕಡಿಮೆಯಿರುವ ಮಹಿಳೆಯ ವರದಿ ಸರಿಯಿರುವಂತೆ ಬರಬಹುದು, ಇನ್ನೂ ಕೆಟ್ಟದೆಂದರೆ ಹೆಚ್ಚಾಗಿರುವಂತೆ ಬರಬಹುದು. ರಕ್ತ ಕೊಡುವ ಮುನ್ನ ಕನಿಷ್ಠ ಎರಡು ದಿನ ಬಯೋಟಿನ್ ನಿಲ್ಲಿಸಿ.

ಮುಟ್ಟು ಸರಿಪಡಿಸಲು ಗರ್ಭನಿರೋಧಕ ಮಾತ್ರೆ ಕೊಟ್ಟಿದ್ದರೆ ಅದರ ಈಸ್ಟ್ರೋಜನ್ ರಕ್ತದಲ್ಲಿ ಟಿ4 ಹೊರುವ ಪ್ರೋಟೀನನ್ನು ಹೆಚ್ಚಿಸುತ್ತದೆ. ‘ಥೈರಾಯ್ಡ್ ಪ್ರೊಫೈಲ್’ ಎಂದು ಮಾಡುವ ಮಾಮೂಲಿ ಪ್ಯಾಕೇಜಿನಲ್ಲಿರುವುದು ಒಟ್ಟು ಟಿ4. ಅದು ಏರಿ ಕೆಂಪಕ್ಷರದಲ್ಲಿ ಬರುತ್ತದೆ, ಕಾಯಿಲೆ ಮಾತ್ರ ಇರುವುದಿಲ್ಲ. ಟಿಎಸ್‌ಎಚ್ ಮತ್ತು ಫ್ರೀ ಟಿ4 ಎಂದು ಬರೆಸಿ ಮಾಡಿಸಿದರೆ ಈ ತೊಡಕಿಲ್ಲ.

ಟಿಎಸ್‌ಎಚ್ ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು, ಮಧ್ಯಾಹ್ನ ಕಡಿಮೆ. ಪ್ರತಿ ಸಲವೂ ಬೆಳಿಗ್ಗೆ, ಅದೇ ಲ್ಯಾಬಿನಲ್ಲಿ, ಅವತ್ತಿನ ಮಾತ್ರೆ ನುಂಗುವ ಮೊದಲು ರಕ್ತ ಕೊಟ್ಟರೆ ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಸಬಹುದು. ಜೋರು ಜ್ವರ ಬಂದು ಹೋದ ವಾರದಲ್ಲಿ ಪರೀಕ್ಷೆ ಬೇಡ.

ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇಯನ್ನೂ ಇಲ್ಲಿ ನೆನೆಯಬೇಕು. ಅದಕ್ಕೆ ಕೆಲವು ಕಡೆ ಲಿಪಿಯೊಡಾಲ್ ಎಂಬ ಎಣ್ಣೆ ಆಧಾರಿತ ದ್ರವ ಬಳಸುತ್ತಾರೆ. ಅದರ ಪ್ರತಿ ಮಿಲಿಲೀಟರಿನಲ್ಲಿ 480 ಮಿಲಿಗ್ರಾಂ ಅಯೋಡಿನ್. ಐದು ಮಿಲಿಲೀಟರ್ ಹಾಕಿದರೆ 2,400 ಮಿಲಿಗ್ರಾಂ. ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ, ಅಂದರೆ ನಲವತ್ತಮೂರು ವರ್ಷಕ್ಕೂ ಮೀರಿ ಸಾಲುವಷ್ಟು ಅಯೋಡಿನ್ ಒಂದೇ ಸಲ ಒಳಗೆ ಹೋಗುತ್ತದೆ. ಎಣ್ಣೆಯಾದ್ದರಿಂದ ಅದು ತಿಂಗಳುಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತಿರುತ್ತದೆ. ಅತಿಯಾದ ಅಯೋಡಿನ್ ಕೂಡ ಗ್ರಂಥಿಯ ಕೆಲಸವನ್ನು ತಗ್ಗಿಸಬಲ್ಲದು, ಅದರಲ್ಲೂ ಪ್ರತಿಕಾಯ ಇರುವವರಲ್ಲಿ. ಎಚ್‌ಎಸ್‌ಜಿಗೆ ಮುಂಚೆ ಟಿಎಸ್‌ಎಚ್ ಮಾಡಿಸಿ, ಆದ ಮೇಲೆ ತಿಂಗಳೊಪ್ಪತ್ತಿನಲ್ಲಿ ಮತ್ತೊಮ್ಮೆ ನೋಡಿಸಿ.

ಮಾತ್ರೆ ಮತ್ತು ಬೆಳಗಿನ ಕಾಫಿ

ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್, ಹೆಸರು ಯಾವುದಾದರೂ ಒಳಗಿರುವುದು ಲಿವೋಥೈರಾಕ್ಸಿನ್. ದೇಹದ್ದೇ ಟಿ4ನ ಪ್ರತಿರೂಪ. ಗರ್ಭಿಣಿಯರಿಗೆ ಸುರಕ್ಷಿತ. ನಮ್ಮ ಮನೆಗಳಲ್ಲಿ ಇದು ಸೋಲುವುದು ಅಡುಗೆಮನೆಯಲ್ಲಿ. ಎದ್ದವರು ಮಾತ್ರೆ ನುಂಗಿ, ಹತ್ತು ನಿಮಿಷಕ್ಕೆ ಡಿಕಾಕ್ಷನ್ ಬೆರೆಸಿ ಹಾಲಿನ ಕಾಫಿ ಕುಡಿಯುತ್ತಾರೆ. ಕಾಫಿ ಅದನ್ನು ಕರುಳಿನಿಂದ ಹೀರಲು ಬಿಡುವುದಿಲ್ಲ, ಹಾಲಿನ ಕ್ಯಾಲ್ಸಿಯಂ ಉಳಿದದ್ದನ್ನು ಹಿಡಿದುಕೊಳ್ಳುತ್ತದೆ. ರಾಗಿ ಗಂಜಿಗೂ ಇದೇ ಮಾತು. ರಾಗಿ ಬಿಡಬೇಕಿಲ್ಲ, ಅಂತರ ಸಾಕು. ಮಾತ್ರೆಯನ್ನು ಬರಿ ನೀರಿನಲ್ಲಿ ನುಂಗಿ ಒಂದು ಗಂಟೆ, ಕಡೇಪಕ್ಷ ಅರ್ಧ ಗಂಟೆ ಏನನ್ನೂ ಸೇವಿಸಬೇಡಿ. ಬೆಳಿಗ್ಗೆ ಕಾಫಿ ಬಿಡಲಾಗದವರು ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ, ಮಲಗುವ ಮುನ್ನ ತೆಗೆದುಕೊಳ್ಳಬಹುದು, ಕೆಲಸ ಅಷ್ಟೇ ಚೆನ್ನಾಗಿ ಮಾಡುತ್ತದೆ. ಡಬ್ಬಿಯನ್ನು ಒಲೆಯ ಪಕ್ಕದ ಕಪಾಟಿನಲ್ಲಿ ಇಡಬೇಡಿ, ಬಿಸಿ ಮತ್ತು ತೇವಕ್ಕೆ ಇದು ಬೇಗ ಸತ್ವ ಕಳೆದುಕೊಳ್ಳುತ್ತದೆ.

ಟಿ4 ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಡೋಸ್ ಬದಲಿಸಿದ ಎರಡನೇ ವಾರ ಟಿಎಸ್‌ಎಚ್ ಮಾಡಿಸಿದರೆ ಹಣ ದಂಡ. ಆರು ವಾರಕ್ಕೆ ಮಾಡಿಸಿ.

ಉಪ್ಪಿನ ಬಗ್ಗೆಯೂ ಒಂದು ಮಾತು. ಅಯೋಡಿನ್ ಉಪ್ಪಿನಲ್ಲಿ ಮನೆಗೆ ಬರುವ ಹೊತ್ತಿಗೆ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕೆಂಬುದು ನಿಯಮ. ಅಂದರೆ 10 ಗ್ರಾಂ ಉಪ್ಪಿನಲ್ಲಿ 150 ಮೈಕ್ರೋಗ್ರಾಂ. ಆರೋಗ್ಯಕ್ಕೆ ಒಳ್ಳೆಯದೆಂದು ಸೈಂಧವ ಲವಣಕ್ಕೋ ಗುಲಾಬಿ ಬಣ್ಣದ ಕಲ್ಲುಪ್ಪಿಗೋ ಪೂರ್ತಿ ಬದಲಾದ ಮನೆಗಳಲ್ಲಿ ಈ ಮೂಲವೇ ಇರುವುದಿಲ್ಲ. ಗರ್ಭಕ್ಕೆ ಸಿದ್ಧವಾಗುತ್ತಿರುವವರು ಅಯೋಡಿನ್ ಉಪ್ಪಿಗೆ ಮರಳುವುದು ಒಳ್ಳೆಯದು.

ಬೇರೆ ಹೆಸರು ಹಚ್ಚುವ ಮುನ್ನ

ಮುಟ್ಟು ಏರುಪೇರು, ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ನೀರುಗುಳ್ಳೆಗಳು ಎಂದರೆ ಪಿಸಿಒಎಸ್ ಎಂಬ ಹೆಸರು ತಕ್ಷಣ ಬರುತ್ತದೆ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಆ ಹೆಸರಿಡುವಂತಿಲ್ಲ. ಬಹುಕಾಲ ಗಮನಿಸದೆ ಬಿಟ್ಟ ಹೈಪೋಥೈರಾಯ್ಡ್ ಕೂಡ ಅಂಡಾಶಯವನ್ನು ಹೀಗೆ ಉಬ್ಬಿಸಬಲ್ಲದು, ಮಾತ್ರೆ ಕೊಟ್ಟರೆ ಅದು ಕುಗ್ಗುತ್ತದೆ. ಹಾಗೆಂದು ಎರಡೂ ಒಟ್ಟಿಗೆ ಇರಬಾರದೆಂದೇನಿಲ್ಲ. ಪಿಸಿಒಎಸ್ ಇರುವವರಲ್ಲಿ ಥೈರಾಯ್ಡ್ ಪ್ರತಿಕಾಯ ಉಳಿದವರಿಗಿಂತ ಹೆಚ್ಚಾಗಿಯೇ ಸಿಗುತ್ತದೆ.

ಪ್ರೊಲ್ಯಾಕ್ಟಿನ್ ವಿಷಯದಲ್ಲಿ ಆತುರ ಇನ್ನೂ ಹೆಚ್ಚು. ಟಿಎಸ್‌ಎಚ್ 60, ಪ್ರೊಲ್ಯಾಕ್ಟಿನ್ ಕೂಡ ಹೆಚ್ಚು ಎಂದು ಬಂದಾಗ ಕೂಡಲೇ ಎಂಆರ್‌ಐ ಮಾಡಿಸಿದರೆ ಪಿಟ್ಯುಟರಿ ಊದಿಕೊಂಡು ಗಡ್ಡೆಯಂತೆಯೇ ಕಾಣಬಹುದು. ಅದು ಗಡ್ಡೆಯಲ್ಲ, ಹಗಲಿರುಳು ಕೂಗಿ ಕೂಗಿ ದಪ್ಪಗಾದ ಗ್ರಂಥಿ. ದೃಷ್ಟಿ ಮಂಜಾಗುವುದು, ಬಿಡದ ತಲೆನೋವು ಇಲ್ಲದಿದ್ದರೆ ಮೊದಲು ಥೈರಾಯ್ಡ್ ಸರಿಪಡಿಸಿ, ಆಮೇಲೆ ಪ್ರೊಲ್ಯಾಕ್ಟಿನ್ ಮತ್ತೆ ಅಳೆಯುವುದು ಕ್ರಮ. ಬಹಳಷ್ಟು ಸಲ ಅದು ತಾನಾಗಿ ಇಳಿದಿರುತ್ತದೆ.

ಟಿಎಸ್‌ಎಚ್ ಹದಕ್ಕೆ ಬಂದ ಮೇಲೆ ಮುಟ್ಟು ಸರಿಹೋಗಲು ಎರಡು ಮೂರು ತಿಂಗಳು ಕೊಡಿ. 24ರಿಂದ 38 ದಿನಗಳ ನಡುವೆ ಬರುವ ಮುಟ್ಟು ಸಹಜ. ಐದು ದಿನದ ಮಾತ್ರೆ ಕೊಟ್ಟು ತರಿಸಿದ ಮುಟ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಂಡ ಬಿಡುಗಡೆಯಾಗದೆಯೂ ಆ ಸ್ರಾವ ಆಗುತ್ತದೆ. ಅಂಡ ಬಿಡುಗಡೆಯಾಗಿದೆಯೇ ಎಂದು ತಿಳಿಯಲು ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ ಪ್ರೊಜೆಸ್ಟರೋನ್ ಪರೀಕ್ಷೆ ಮಾಡುತ್ತಾರೆ, 3 ನ್ಯಾನೋಗ್ರಾಂ ಮೀರಿದ್ದರೆ ಆಗಿದೆ ಎಂದರ್ಥ. ಇದನ್ನು ‘21ನೇ ದಿನದ ಪರೀಕ್ಷೆ’ ಎಂದು ಕರೆಯುವುದೇ ಎಡವಟ್ಟಿಗೆ ದಾರಿ. 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 28ನೇ ದಿನ ಆಗಬೇಕು. 21ಕ್ಕೆ ಮಾಡಿಸಿದರೆ ಅಂಡ ಬರುತ್ತಿಲ್ಲವೆಂಬ ತಪ್ಪು ವರದಿ ಸಿಗುತ್ತದೆ.

ಈ ಮೂರು ತಿಂಗಳು ಉಳಿದ ಪರೀಕ್ಷೆಗಳನ್ನು ತಡೆಹಿಡಿಯಬೇಕಿಲ್ಲ. ಗಂಡನ ವೀರ್ಯ ಪರೀಕ್ಷೆ ಮೊದಲ ವಾರವೇ ಆಗಲಿ. ಥೈರಾಯ್ಡ್ ತೊಂದರೆ ಗಂಡಸರಿಗೂ ಬರುತ್ತದೆ, ವೀರ್ಯಾಣುಗಳನ್ನೂ ಕೆಡಿಸುತ್ತದೆ. ಹೆಂಡತಿಯ ಕಡತ ಮಾತ್ರ ದಪ್ಪವಾಗುತ್ತಾ ಹೋಗುವುದು ಅನ್ಯಾಯ. 35 ದಾಟಿದವರು ಆರು ತಿಂಗಳಷ್ಟೇ ಪ್ರಯತ್ನಿಸಿ ತಜ್ಞರನ್ನು ಕಾಣಬೇಕು, ಒಂದು ವರ್ಷ ಕಾಯುವ ನಿಯಮ ಅವರಿಗಲ್ಲ. ಮುಟ್ಟೇ ಏರುಪೇರಾಗಿರುವವರಿಗಂತೂ ಕಾಯುವ ಅಗತ್ಯವೇ ಇಲ್ಲ.

ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಇರುವವರು ಗರ್ಭಕ್ಕೆ ಮೊದಲೇ ವೈದ್ಯರೊಂದಿಗೆ ಕೂತು ಯೋಜನೆ ಮಾಡಲೇಬೇಕು. ಆ ಕಾಯಿಲೆಗೆ ಕೊಡುವ ಕಾರ್ಬಿಮಝೋಲ್ ಮಾತ್ರೆ ಗರ್ಭದ 6ರಿಂದ 10ನೇ ವಾರದಲ್ಲಿ ಮಗುವಿನ ಅಂಗಗಳಿಗೆ ಧಕ್ಕೆ ಮಾಡಬಲ್ಲದು. ಆದ್ದರಿಂದ ಪ್ರಯತ್ನ ಶುರುಮಾಡುವ ಮುನ್ನ ಪ್ರೊಪೈಲ್‌ಥಯೋಯುರಾಸಿಲ್ ಎಂಬ ಇನ್ನೊಂದು ಮಾತ್ರೆಗೆ ಬದಲಿಸುವುದುಂಟು. ರೇಡಿಯೋ ಅಯೋಡಿನ್ ಚಿಕಿತ್ಸೆ ಆಗಿದ್ದರೆ ಆರು ತಿಂಗಳು ಗರ್ಭ ಧರಿಸುವಂತಿಲ್ಲ.

ಎರಡು ಗೆರೆ ಮೂಡಿದ ದಿನ

ಮಗುವಿನ ಸ್ವಂತ ಥೈರಾಯ್ಡ್ ಸರಿಯಾಗಿ ಕೆಲಸಕ್ಕೆ ಇಳಿಯುವುದು ಗರ್ಭದ ನಡುಭಾಗದ ಹೊತ್ತಿಗೆ. ಅಲ್ಲಿಯವರೆಗೆ ಅದರ ಮೆದುಳು ಬೆಳೆಯುವುದು ತಾಯಿಯ ಟಿ4ನಿಂದ. ಮೊದಲ ಸ್ಕ್ಯಾನಿಗೆ ಎಂಟನೇ ವಾರ ಹೋದಾಗ ಡೋಸ್ ಕೇಳಿದರಾಯಿತು ಎಂದು ಕೂರುವಂತಿಲ್ಲ. ಲಿವೋಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವವರು ಮುಟ್ಟು ತಪ್ಪಿ ಪರೀಕ್ಷೆ ಪಾಸಿಟಿವ್ ಬಂದ ದಿನವೇ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಮಾಡಿಕೊಳ್ಳಬೇಕು, ಉದಾಹರಣೆಗೆ ಬುಧವಾರ ಮತ್ತು ಭಾನುವಾರ ಎರಡೆರಡು. ಈ ಸೂಚನೆಯನ್ನು ವೈದ್ಯರಿಂದ ಮುಂಚೆಯೇ ಚೀಟಿಯಲ್ಲಿ ಬರೆಸಿಕೊಂಡಿರಿ. ಅದೇ ವಾರ ಟಿಎಸ್‌ಎಚ್, ಅಲ್ಲಿಂದ ಅರ್ಧ ಗರ್ಭದವರೆಗೆ ನಾಲ್ಕು ವಾರಕ್ಕೊಮ್ಮೆ, 30ನೇ ವಾರದ ಹೊತ್ತಿಗೆ ಮತ್ತೊಮ್ಮೆ.

ಮಾತ್ರೆಯೇ ಇಲ್ಲದವರಿಗೆ ಹತ್ತನೇ ವಾರ ಟಿಎಸ್‌ಎಚ್ 0.1 ಎಂದು ಬಂದರೆ ಗಾಬರಿ ಬೇಡ. ಗರ್ಭದ ಹಾರ್ಮೋನಾದ ಎಚ್‌ಸಿಜಿ ರಚನೆಯಲ್ಲಿ ಟಿಎಸ್‌ಎಚ್ ಅನ್ನು ಹೋಲುತ್ತದೆ, ತಾನೇ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುತ್ತದೆ. ವಾಂತಿ ಹೆಚ್ಚಿರುವವರಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಫ್ರೀ ಟಿ4 ನೋಡಿ, ಗ್ರೇವ್ಸ್ ಲಕ್ಷಣ ಇಲ್ಲದಿದ್ದರೆ ಕಾಯುತ್ತಾರೆ.

ಎರಡನೇ ತ್ರೈಮಾಸಿಕದಲ್ಲಿ ಆಶಾ ಕಾರ್ಯಕರ್ತೆ ಕೊಡುವ ಕೆಂಪು ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಬಂದು ಸೇರುತ್ತವೆ. ಗೋಡೆಯ ಕ್ಯಾಲೆಂಡರ್ ಪಕ್ಕ ಒಂದು ಹಾಳೆ ಅಂಟಿಸಿ: ಬೆಳಿಗ್ಗೆ 6ಕ್ಕೆ ಥೈರಾಯ್ಡ್, 7ರ ಮೇಲೆ ಕಾಫಿ, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ, ಸಂಜೆ 4ರ ಹೊತ್ತಿಗೆ ಕಬ್ಬಿಣ, ರಾತ್ರಿ ಊಟಕ್ಕೆ ಇನ್ನೊಂದು ಕ್ಯಾಲ್ಸಿಯಂ. ಹೆರಿಗೆಯಾದ ಮೇಲೆ ಗರ್ಭಕ್ಕೆ ಮುಂಚಿನ ಡೋಸಿಗೆ ಮರಳಿ, ಆರನೇ ವಾರ ಟಿಎಸ್‌ಎಚ್ ಮಾಡಿಸಬೇಕು. ಆಂಟಿ ಟಿಪಿಒ ಇದ್ದವರಿಗೆ ಬಾಣಂತನದ ಮೊದಲ ವರ್ಷದಲ್ಲಿ ಥೈರಾಯ್ಡ್ ಉರಿಯೂತ ಬರಬಹುದು: ಮೊದಲು ಎದೆಬಡಿತ, ತೂಕ ಇಳಿಕೆ, ಕೆಲವು ತಿಂಗಳ ಬಳಿಕ ವಿಪರೀತ ಸುಸ್ತು, ಮಂಕು. ನಿದ್ದೆಗೆಟ್ಟ ಸುಸ್ತು ಎಂದು ಎಲ್ಲರೂ ತಳ್ಳಿಹಾಕುವ ಆ ತಿಂಗಳುಗಳಲ್ಲಿ ಇನ್ನೊಮ್ಮೆ ಟಿಎಸ್‌ಎಚ್ ಮಾಡಿಸಿ. ಮಗುವಿನ ಹಿಮ್ಮಡಿಯಿಂದ ಎರಡು ಹನಿ ರಕ್ತ ತೆಗೆದು ಮಾಡುವ ಟಿಎಸ್‌ಎಚ್ ಪರೀಕ್ಷೆಯನ್ನು ಹುಟ್ಟಿದ ಎರಡು ಮೂರು ದಿನದೊಳಗೆ, ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನವೇ ಕೇಳಿ ಮಾಡಿಸಿಕೊಳ್ಳಿ.